ಎತ್ತಿ ಕುಡಿದ ಬಿಳಿ ಔಷಧಿ

ನನಗೆ ಜಗಳ ಆಡಲು ಬರುತ್ತದೆ. ನಮ್ಮ ಬೀದಿಯಲ್ಲಿ ಯಾರ ಮನೆಗೆ ನೀರು ಬಾರದಿದ್ದರೂ ವಾಟರ್‌ಮನ್ ಹತ್ತಿರ ಮಾತಾಡಲು ನನ್ನನ್ನೇ ಮುಂದೆ ಬಿಡುತ್ತಾರೆ. ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಲ್ಲೂ ಹೆಡ್‌ಮಾಸ್ಟರಿಗೆ ಎದುರಾಡುವವಳು ನಾನೊಬ್ಬಳೇ. ರಂಜಿತಾ ಮಿಸ್ ಬಾಯಿಗೆ ಬೀಳಬೇಡಿ ಎಂದು ಮಕ್ಕಳು ಹೇಳಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ, ಬೇಜಾರೇನಿಲ್ಲ. ಬೈಯಬೇಕಾದವರನ್ನು ಸರಿಯಾಗಿ ಬೈದುಬಿಟ್ಟರೆ ಅರ್ಧ ಕೆಲಸ ಆದಂತೆ ಎಂದು ತಿಳಿದುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅಪ್ಪನ ವಿಷಯದಲ್ಲಿ ಮಾತ್ರ ಬೈಯಲು ನನಗೆ ಯಾರೂ ಸಿಗಲಿಲ್ಲ.

ಅಪ್ಪನ ಹೆಸರು ಚಲುವರಾಜು. ಮದ್ದೂರಿಗೂ ಮಳವಳ್ಳಿಗೂ ನಡುವೆ ಬಸ್ಸು ಓಡಿಸಿಯೇ ರಿಟೈರಾದವನು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಲ್ಲೇ ಕುಸಿದ. ಲಕ್ವ. ನನ್ನ ಗಂಡ ಸ್ವಾಮಿ ಕಾರಿನಲ್ಲಿ ಮಲಗಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಓಡಿದ. ಜೀವ ಉಳಿಯಿತು. ಬಲಗಾಲು ಕೋಲು ಹಿಡಿದು ನಡೆಯುವಷ್ಟು ಬಂತು, ಬಲಗೈ ಬರಲಿಲ್ಲ, ಮಾತು ತೊದಲಿದರೂ ನಮಗೆ ಅರ್ಥವಾಗುತ್ತಿತ್ತು. ಗಂಟಲು ಮಾತ್ರ ಕೈಕೊಟ್ಟಿತು. ಬಾಯಿಂದ ಏನೇ ಕೊಟ್ಟರೂ ಅದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ದಾರಿ ಹಿಡಿಯಬಹುದು ಎಂದು ಹೇಳಿ ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ಪೈಪು ಹಾಕಿ ಮನೆಗೆ ಕಳಿಸಿದರು.

ಅವತ್ತಿನಿಂದ ಅಪ್ಪನ ಊಟವೆಂದರೆ ಸಿರಿಂಜು. ನನ್ನ ಅವ್ವ ಹೊಂಬಾಳಮ್ಮ ಹಾಲು, ತೆಳ್ಳಗಿನ ಗಂಜಿ, ಸೋಸಿದ ಬೇಳೆಕಟ್ಟು ಎಲ್ಲವನ್ನೂ ಆರಿಸಿ, ಸಿರಿಂಜಿಗೆ ತುಂಬಿ, ಪೈಪಿಗೆ ಸಿಕ್ಕಿಸಿ ಇಳಿಬಿಡುತ್ತಿದ್ದಳು. ಅಪ್ಪ ಗೋಡೆ ನೋಡುತ್ತಾ ಕೂತಿರುತ್ತಿದ್ದ.

"ಗಾಡಿಗೆ ಆಯಿಲ್ ಬುಟ್ಟಂಗೆ ಬುಡ್ತಾಳೆ ನೋಡು ನಿಮ್ಮವ್ವ," ಎಂದು ನನ್ನನ್ನು ಕಂಡಾಗಲೆಲ್ಲ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ, ಮುಖದ ಒಂದೇ ಕಡೆಯಲ್ಲಿ.

ಅವ್ವ ಮಾತ್ರ ಮುದ್ದೆ ಕಟ್ಟುವ ಹೊತ್ತಿಗೆ ಅಡಿಗೆಮನೆಯ ಬಾಗಿಲು ಮುಂದೆ ಮಾಡುತ್ತಿದ್ದಳು. ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಪಕ್ಕ ನಿಂತುಕೊಂಡೇ ಎರಡು ತುತ್ತು ನುಂಗಿ ಬರುತ್ತಿದ್ದಳು. ಅಪ್ಪನಿಗೆ ಎಲ್ಲ ಗೊತ್ತಾಗುತ್ತಿತ್ತು. ಪೈಪು ಇದ್ದರೂ ಅವನ ಮೂಗಿಗೇನೂ ಆಗಿರಲಿಲ್ಲ.

"ಉಪ್ಸಾರು ಮಾಡಿದ್ದೀಯ ಅಲ್ವೇನೆ?" ಎಂದು ನಡುಮನೆಯಿಂದ ಕೂಗುತ್ತಿದ್ದ.

"ಇಲ್ಲ ಬುಡಿ, ಪಕ್ಕದ ಮನೇರು ಮಾಡವ್ರೆ," ಎಂದು ಅವ್ವ ಹಿತ್ತಲಿಂದಲೇ ಸುಳ್ಳು ಹೇಳುತ್ತಿದ್ದಳು. ಸರಿಯಾಗಿ ಉಣ್ಣದೆ ಸೊರಗಿ ಹೋಗಿದ್ದಳು. ನಾನು ಬೈದರೆ, ಆ ಪೈಪೊಂದು ಹೋಗಲಿ, ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತೇವೆ ಎನ್ನುತ್ತಿದ್ದಳು.

ಪೈಪು ಹೋಗುವ ದಾರಿ ಒಂದೇ ಇತ್ತು. ಮಂಡ್ಯದ ಡಾಕ್ಟರ್ ಕುಸುಮ ಒಂದು ಪರೀಕ್ಷೆ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ನನಗಿಂತ ಚಿಕ್ಕವರು, ಸಮಾಧಾನದ ಹೆಂಗಸು. ಬೇರಿಯಂ ಎಂಬ ಬಿಳಿ ಔಷಧಿಯನ್ನು ಅಪ್ಪನಿಗೆ ಸ್ಪೂನಿನಲ್ಲಿ ಕುಡಿಸುತ್ತಾರೆ, ಅವನು ನುಂಗುವಾಗಲೇ ಎಕ್ಸ್‌ರೇ ಮಿಷನ್ನಿನಲ್ಲಿ ನೋಡುತ್ತಾರೆ. ಔಷಧಿ ಬೆಳ್ಳಗೆ ಕಾಣುತ್ತದೆ, ಯಾವ ದಾರಿಯಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ. ಸರಿಯಾಗಿ ಹೊಟ್ಟೆಗೆ ಹೋದರೆ ಪೈಪು ತೆಗೆದು, ಮೆಲ್ಲಗೆ ಬಾಯಿಂದ ಊಟ ಶುರು ಮಾಡಬಹುದು.

"ಅದೇ ಶ್ವಾಸಕೋಶಕ್ಕೆ ಹೋಗಿಬಿಟ್ಟರೆ?" ಎಂದು ನಾನು ಕೇಳಿದೆ. ಕೇಳದೆ ಬಿಡುವವಳಲ್ಲ ನಾನು.

"ಚೂರು ಹೋದರೆ ತೊಂದರೆ ಇಲ್ಲ ಮೇಡಂ," ಎಂದರು ಡಾಕ್ಟರ್ ಕುಸುಮ. "ಅದು ದೇಹದೊಳಗೆ ಕರಗಲ್ಲ, ಸುಡಲ್ಲ, ಸುಮ್ಮನೆ ಕೂತಿರುತ್ತೆ. ನೀರಿನಂಥ ಇನ್ನೊಂದು ತರಹದ ಔಷಧಿ ಇದೆ, ಅಯೋಡಿನ್ ಇರೋದು. ಅದರಲ್ಲಿ ಕೆಲವು ಶ್ವಾಸಕೋಶಕ್ಕೆ ಹೋದರೆ ಒಳಗೇ ನೀರು ಎಳೆದು ತುಂಬಿಸಿಬಿಡುತ್ತವೆ, ಉಸಿರು ನಿಂತುಹೋಗಬಹುದು. ನಿಮ್ಮ ತಂದೆಯಂಥವರಿಗೆ ಅದನ್ನ ಮುಟ್ಟಿಸಲ್ಲ. ಇದು ಸೇಫು. ಅದೂ ಅರ್ಧರ್ಧ ಸ್ಪೂನು ಕೊಡೋದು."

"ಜಾಸ್ತಿ ಹೋದರೆ?"

"ಜಾಸ್ತಿ ಕೊಡೋದೇ ಇಲ್ಲವಲ್ಲ," ಎಂದು ನಕ್ಕರು. ನನಗೂ ಅದು ಸರಿ ಎನ್ನಿಸಿತು.

ಅವ್ವನ ಕಿವಿಗೆ ಹೋದದ್ದು ಎರಡೇ ಮಾತು. ಸೇಫು ಎನ್ನುವುದೊಂದು, ಪೈಪು ತೆಗೆಯುತ್ತಾರೆ ಎನ್ನುವುದೊಂದು. ಮುಂದಿನ ಸೋಮವಾರ ವೈದ್ಯನಾಥಪುರದ ಶಿವನ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಳು. ತೀರ್ಥ ಕುಡಿಸುವಂತಿಲ್ಲವಲ್ಲ, ಬೆರಳಲ್ಲಿ ಅದ್ದಿ ಅಪ್ಪನ ಗಂಟಲಿಗೆ ಹೊರಗಿನಿಂದ ಸವರಿದಳು. ಆಮೇಲೆ ನಮ್ಮ ಶಾಲೆಯ ಮಕ್ಕಳ ತಾಯಂದಿರು ಪರೀಕ್ಷೆಯ ಹಿಂದಿನ ದಿನ ಹೇಳುವ ಹಾಗೆ ಅಪ್ಪನಿಗೆ ಬುದ್ಧಿ ಹೇಳತೊಡಗಿದಳು.

"ಕೆಮ್ಮಬ್ಯಾಡಿ, ಆಯ್ತಾ? ಏನಾರ ಆಗ್ಲಿ, ಕೆಮ್ಮಬ್ಯಾಡಿ. ಕೆಮ್ಮುದ್ರೆ ಇವ್ರಿಗೆ ಇನ್ನೂ ಆಗಕ್ಕಿಲ್ಲ ಅಂತ ಬರ್ದುಬುಡ್ತಾರೆ. ಸಲೀಸಾಗಿ ನುಂಗಿ ತೋರ್ಸ್‌ಬುಡಿ."

"ಅವ್ವ, ಹಾಗೆಲ್ಲ ಹೇಳಬೇಡ, ಅದು ಪರೀಕ್ಷೆ ಅಲ್ಲ," ಎಂದೆ ನಾನು.

"ಪರೀಕ್ಷೆ ಅಲ್ದೆ ಇನ್ನೇನೆ? ಡಾಕ್ಟ್ರೇ ಟೆಸ್ಟು ಅಂದ್ರು."

ನಾನು ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೊರಟೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿಯುವವರಲ್ಲ. ತುಟಿ ತಾಗಿದರೆ ಎಂಜಲು. ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಮೇಲೆತ್ತಿ, ಬಾಯೊಳಗೆ ಸುರಿದುಕೊಂಡು ಗಟಗಟ ಇಳಿಸಬೇಕು. ಅಪ್ಪನಂತೂ ಇದರಲ್ಲಿ ಎತ್ತಿದ ಕೈ. ಕೆ.ಎಂ. ದೊಡ್ಡಿಯಲ್ಲಿ ಬಸ್ಸು ನಿಲ್ಲಿಸಿ ಹೋಟೆಲಿನ ಜಗ್ಗು ಎತ್ತಿದರೆ, ಖಾಕಿ ಅಂಗಿಯ ಮೇಲೆ ಒಂದು ಹನಿ ಬೀಳದಂತೆ ಜಗ್ಗು ಖಾಲಿ ಮಾಡಿ ಇಡುತ್ತಿದ್ದನಂತೆ. ಹೊರಗಿನ ಲೋಟಕ್ಕೆ ಬಾಯಿಟ್ಟು ಕುಡಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಚಿಕ್ಕಂದಿನಲ್ಲಿ ನಾನು ಕಚ್ಚಿ ಕುಡಿದರೆ ಲೋಟ ಕಿತ್ತುಕೊಂಡು ತೊಳೆಯಲು ಕಳಿಸುತ್ತಿದ್ದ.

ಲಕ್ವ ಆದಮೇಲೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಇದಕ್ಕೆ ತದ್ವಿರುದ್ಧವಾದದ್ದನ್ನು ಕಲಿಸಿದ್ದಳು. ಇನ್ನು ಮುಂದೆ ಏನು ನುಂಗುವುದಿದ್ದರೂ ಗದ್ದ ಎದೆಗೆ ತಾಗುವ ಹಾಗೆ ತಲೆ ಬಗ್ಗಿಸಬೇಕು, ಆಗ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ತಲೆ ಹಿಂದಕ್ಕೆ ಎತ್ತಿದರೆ ದಾರಿ ತೆರೆದುಕೊಳ್ಳುತ್ತದೆ. ಬರೀ ಎಂಜಲು ನುಂಗಿ ಅಭ್ಯಾಸ ಮಾಡಿ ಎಂದಳು. ಅವಳಿರುವಾಗ ಅಪ್ಪ ವಿಧೇಯನಾಗಿ ಮಾಡುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದ ಕೂಡಲೇ ಶುರು.

"ತಲೆ ಬಗ್ಗಿಸ್ಕಂಡು ಯಾವನ್ಲಾ ಕುಡೀತಾನೆ? ನಾನೇನು ಎತ್ತಾ?"

ಸ್ವಾಮಿಗೆ ನಗು ತಡೆಯಲಾಗುತ್ತಿರಲಿಲ್ಲ. ನಾನೂ ನಕ್ಕಿದ್ದೇನೆ.

ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಬಿಳಿ ಪಂಚೆ, ಇಸ್ತ್ರಿ ಅಂಗಿ ಕೇಳಿ ಹಾಕಿಸಿಕೊಂಡ. ಕಾರಿನಲ್ಲಿ ಮುಂದೆ ಕೂತು ಸ್ವಾಮಿಗೆ ಗೇರು ಬದಲಾಯಿಸುವುದನ್ನು ಹೇಳಿಕೊಡುತ್ತಾ ಬಂದ. ಹಿಂದಿನ ಸೀಟಿನಲ್ಲಿ ಅವ್ವ ಮನಸ್ಸಿನೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ಅಂದು ನಮಗೆಲ್ಲ ಸಂತೋಷವೇ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಎಕ್ಸ್‌ರೇ ಕೋಣೆಯೊಳಗೆ ಜೊತೆಗೆ ಒಬ್ಬರನ್ನು ಬಿಡುತ್ತಿದ್ದರು. ನಾನು ಹೋದೆ. ಮಿಷನ್ ನೋಡಿಕೊಳ್ಳುವ ಇಲ್ಯಾಸ್ ಎನ್ನುವವರು ನನ್ನ ಹೆಗಲಿಗೆ ಸೀಸದ ಭಾರದ ಅಂಗಿಯೊಂದನ್ನು ತೊಡಿಸಿದರು. ಐವತ್ತರ ಆಸುಪಾಸಿನ ಮನುಷ್ಯ. ಅವರ ಅಣ್ಣ ಮಳವಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದಾರೆಂದು ಗೊತ್ತಾಗಿ ಅಪ್ಪ ಆಗಲೇ ಅವರ ಜೊತೆ ಸ್ನೇಹ ಮಾಡಿಕೊಂಡಿದ್ದ. ಡಾಕ್ಟರ್ ಕುಸುಮ ಗಾಜಿನ ಆಚೆ ಎಕ್ಸ್‌ರೇ ಕಾಣುವ ಪರದೆಯ ಮುಂದೆ ಕೂತರು. ಅವ್ವ ಹೊರಗೆ, ಬಾಗಿಲಿನ ಸಣ್ಣ ಗಾಜಿಗೆ ಮೂಗು ಒತ್ತಿ ನಿಂತಿದ್ದಳು.

ಅಪ್ಪನನ್ನು ಮಿಷನ್ನಿಗೆ ಅಡ್ಡಲಾಗಿ ಕುರ್ಚಿಯಲ್ಲಿ ಕೂರಿಸಿದರು. ಎಡಗಡೆ ಒಂದು ಸಣ್ಣ ಮೇಜು, ಅದರ ಮೇಲೆ ಔಷಧಿಯ ಬಟ್ಟಲು, ಸ್ಪೂನು. ಔಷಧಿ ಸುಣ್ಣದ ತಿಳಿಗಿಂತ ಗಟ್ಟಿಯಾಗಿ, ಮಜ್ಜಿಗೆಯ ಹದಕ್ಕಿತ್ತು. ಬೇರೆ ಬೇರೆ ಹದದಲ್ಲಿ ಕೊಟ್ಟು ನೋಡಬೇಕಂತೆ, ಅದಕ್ಕೆ ಬಟ್ಟಲಲ್ಲಿ ಅಷ್ಟೊಂದು ಕಲಸಿದ್ದರು.

"ಅಪ್ಪಾಜಿ, ನಾನು ಹೇಳಿದಾಗ ನುಂಗಿ. ಗದ್ದ ಕೆಳಗೆ. ಕೆಮ್ಮು ಬಂದ್ರೆ ಕೆಮ್ಮಿಬಿಡಿ, ತಡೀಬೇಡಿ," ಎಂದರು ಇಲ್ಯಾಸ್.

ಅಪ್ಪ ಬಾಗಿಲಾಚೆಯ ಅವ್ವನನ್ನು ನೋಡಿದ. ಅವ್ವ ತಲೆ ಆಡಿಸಿದಳು.

ಮೊದಲ ಅರ್ಧ ಸ್ಪೂನು ಹೋಯಿತು. "ಪರವಾಗಿಲ್ಲ, ಗಂಟಲಲ್ಲಿ ಸ್ವಲ್ಪ ಉಳೀತು, ಇನ್ನೊಂದು ಕೊಡಿ," ಎಂದು ಸ್ಪೀಕರಿನಲ್ಲಿ ಡಾಕ್ಟರ ದನಿ ಬಂತು. ಎರಡನೆಯದೂ ಹೋಯಿತು. ಸ್ವಲ್ಪ ಔಷಧಿ ಅಪ್ಪನ ಬಲಗಡೆಯ ತುಟಿಯಿಂದ ಜಾರಿ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಇಲ್ಯಾಸ್ ಬಟ್ಟೆ ತಂದು, ಕೂಸಿಗೆ ಒರೆಸಿದ ಹಾಗೆ ಅವನ ಬಾಯಿ ಒರೆಸಿದರು. ಅಪ್ಪನ ಮುಖ ಕೆಂಪಾಯಿತು. ಅದನ್ನು ನಾನು ಕಂಡೆ. ಅವನಿಗೆ ಅವಮಾನವಾದರೆ ಹೇಗಿರುತ್ತಾನೆ ಎಂದು ನನಗೆ ಗೊತ್ತಿಲ್ಲವೇ!

ಇಲ್ಯಾಸ್ ಒರೆಸಿದ ಬಟ್ಟೆ ಇಡಲು ತಿರುಗಿದರು. ಅಷ್ಟೇ ಹೊತ್ತು. ಅಪ್ಪ ಎಡಗೈಯಲ್ಲಿ ಬಟ್ಟಲು ತೆಗೆದುಕೊಂಡ, ತಲೆ ಹಿಂದಕ್ಕೆ ಚೆಲ್ಲಿದ, ಬಟ್ಟಲನ್ನು ಮೇಲೆತ್ತಿ ಪೂರ್ತಿ ಬಾಯೊಳಗೆ ಸುರಿದುಕೊಂಡ. ತುಟಿ ತಾಗಿಸಲಿಲ್ಲ, ಒಂದು ಹನಿ ಚೆಲ್ಲಲಿಲ್ಲ. "ಬೇಡ, ಬೇಡ!" ಎಂದು ಸ್ಪೀಕರು ಕಿರುಚುವ ಹೊತ್ತಿಗೆ ಬಟ್ಟಲು ಖಾಲಿಯಾಗಿ ಇಲ್ಯಾಸರ ಕೈಗೆ ಬಂದಿತ್ತು.

ಅಪ್ಪ ಕೆಮ್ಮಲಿಲ್ಲ. ಒಂದು ಸಾರಿಯೂ ಕೆಮ್ಮಲಿಲ್ಲ. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ ಮುಖದ ಒಂದೇ ಕಡೆ ನಕ್ಕ.

"ಸಲೀಸಾಗಿ ಇಳೀತು ಕಣ್ ಮಗಾ," ಎಂದ.

ಆ ಕ್ಷಣ ನನಗೆ ಎಂಥ ಹಿಗ್ಗು ಆಯಿತು ಎಂದರೆ, ನಾನು ಚಪ್ಪಾಳೆಯನ್ನೇ ತಟ್ಟುವವಳಿದ್ದೆ. ಬಾಗಿಲಾಚೆ ಅವ್ವ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ್ದಳು. ಆಮೇಲೆ ಇಲ್ಯಾಸರ ಮುಖ ನೋಡಿದೆ. ಅವರು ಗಾಜಿನಾಚೆಯ ಪರದೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅಪ್ಪನ ಎದೆಯೊಳಗೆ ಬಿಳಿ ಬಣ್ಣ ಎಡಕ್ಕೂ ಬಲಕ್ಕೂ ಕವಲೊಡೆದು ಇಳಿಯುತ್ತಿತ್ತು. ಹೊಟ್ಟೆಗೆ ಹೋಗುವ ದಾರಿಯಲ್ಲಿ ತೆಳ್ಳಗೆ ಒಂದು ಎಳೆ ಮಾತ್ರ ಇತ್ತು. ಗಣಿತದವಳಾದರೂ ಅಷ್ಟು ಓದಲು ನನಗೆ ಬಂತು.

ಬಾಗಿಲು ತೆರೆದ ಕೂಡಲೇ ಅವ್ವ ನುಗ್ಗಿಬಂದಳು.

"ಕೆಮ್ಮಲಿಲ್ಲ ಅಲ್ವಾ? ನಾನು ನೋಡ್ದೆ, ಒಂದ್ ದಪ ಕೆಮ್ಮಲಿಲ್ಲ! ವೈದ್ಯನಾಥ ಕೈ ಬುಡ್ಲಿಲ್ಲ ನೋಡು. ಪಾಸಾಗ್ಬುಟ್ರಿ ಕಣ್ರಿ!"

"ಇನ್ನೇನ್ ಮತ್ತೆ," ಎಂದ ಅಪ್ಪ.

ಆಮೇಲೆ ಎಲ್ಲರೂ ಓಡಾಡತೊಡಗಿದರು. ಅಪ್ಪನನ್ನು ಸ್ಟ್ರೆಚರಿನ ಮೇಲೆ ಹಾಕಿ ಕರೆದುಕೊಂಡು ಹೋದರು. ಬಾಯಿಂದ ಒಂದು ಪೈಪು ಬಿಟ್ಟು ಔಷಧಿ ಎಳೆದರು, ಸ್ವಲ್ಪ ಬಂತು. ಬಲ ಮಗ್ಗುಲು, ಎಡ ಮಗ್ಗುಲು ಮಲಗಿಸಿ, ತಲೆ ಇಳಿಬಿಟ್ಟು ಬೆನ್ನು ತಟ್ಟಿದರು, ಇನ್ನೂ ಸ್ವಲ್ಪ ಬಂತು. ಆಮೇಲೆ ಬರುವುದು ನಿಂತುಹೋಯಿತು. ಆಕ್ಸಿಜನ್ ಹಾಕಿದರು. ಇಷ್ಟೆಲ್ಲ ಆಗುವಾಗ ಅಪ್ಪನಿಗೆ ಒಂದೇ ಯೋಚನೆ, ಮೂಗಿನ ಪೈಪು ಯಾವಾಗ ತೆಗೆಯುತ್ತಾರೆ ಎನ್ನುವುದು.

ನಾನು ಡಾಕ್ಟರ್ ಕುಸುಮ ಅವರ ಕೋಣೆಗೆ ನುಗ್ಗಿದೆ. ಜಗಳಕ್ಕೇ ಹೋದದ್ದು.

"ಸೇಫು ಅಂದಿರಲ್ಲ!"

"ಔಷಧಿ ಸೇಫೇ ಮೇಡಂ. ಬೇರೆಯದಾಗಿದ್ದರೆ ಇಷ್ಟು ಹೊತ್ತಿಗೆ ನಾವು ಇಲ್ಲಿ ಮಾತಾಡುತ್ತಾ ಇರುತ್ತಿರಲಿಲ್ಲ," ಎಂದರು. "ಆದರೆ ಇಷ್ಟೊಂದು ಹೋದರೆ ಸಣ್ಣ ಸಣ್ಣ ಗಾಳಿಚೀಲಗಳಲ್ಲಿ ಕೂತುಬಿಡುತ್ತೆ. ಜ್ವರ ಬರಬಹುದು, ನಂಜಾಗಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ಕೊಡ್ತೀವಿ."

"ಅದನ್ನ ಹೊರಗೆ ತೆಗೆಯೋಕೆ ಏನು ಕೊಡ್ತೀರಿ?"

"ಅದಕ್ಕೆ ಔಷಧಿ ಇಲ್ಲ. ಕೆಮ್ಮಿದರೆ ಬರುವಷ್ಟು ಬರುತ್ತೆ. ಉಳಿದದ್ದು ಉಳಿಯುತ್ತೆ. ಕೆಲವರಿಗೆ ವರ್ಷಗಟ್ಟಲೆ ಇರುತ್ತೆ."

"ಅಪ್ಪ ಕೆಮ್ಮಲೇ ಇಲ್ಲವಲ್ಲ."

"ಅದೇ ಕಷ್ಟ. ಏನು ಒಳಗೆ ಹೋದರೂ ಅವರ ಗಂಟಲಿಗೆ ಗೊತ್ತೇ ಆಗುತ್ತಿಲ್ಲ. ನೀರು ಹೋದರೂ ಗೊತ್ತಾಗಲ್ಲ, ಅನ್ನ ಹೋದರೂ ಗೊತ್ತಾಗಲ್ಲ. ಸಲೀಸಾಗಿ ಇಳಿದ ಹಾಗೇ ಅನ್ನಿಸುತ್ತೆ. ಇನ್ನು ಬಾಯಿಂದ ಏನೂ ಕೊಡೋ ಹಾಗಿಲ್ಲ ಮೇಡಂ. ಸುಧಾರಿಸುತ್ತೆ ಅನ್ನೋ ನಂಬಿಕೆ ನನಗಿಲ್ಲ. ಮೂಗಿನ ಪೈಪು ಬಹಳ ದಿನ ಇಡೋಕಾಗಲ್ಲ, ಹೊಟ್ಟೆಗೇ ಒಂದು ಪೈಪು ಹಾಕಬೇಕಾಗುತ್ತೆ."

ನಾನು ಕುರ್ಚಿಯಲ್ಲಿ ಕೂತೆ. ಬೈಗುಳವೆಲ್ಲ ಬಾಯಲ್ಲೇ ಇತ್ತು, ಯಾರಿಗೆ ಎಸೆಯಲಿ? ಅವರು ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿದ್ದರು.

ಹೊರಗೆ ಬೆಂಚಿನ ಮೇಲೆ ಇಲ್ಯಾಸ್ ತಲೆ ತಗ್ಗಿಸಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಬಟ್ಟಲು ಅವ್ರ ಕೈಗೆ ಸಿಗೋ ಹಾಗೆ ಇಡಬಾರದಿತ್ತಮ್ಮ. ಬಲಗೈ ಇಲ್ಲ ಅಂತ ಗೊತ್ತಿತ್ತು, ಎಡಗೈ ಯೋಚನೆ ಮಾಡಲಿಲ್ಲ. ಬಯ್ಯಿರಿ, ನೀವು ಬಯ್ದುಬಿಡಿ," ಎಂದರು.

ಬಯ್ದುಬಿಡಿ ಎಂದು ಕೈಮುಗಿದು ನಿಂತವರನ್ನು ಹೇಗೆ ಬಯ್ಯುವುದು? ಆ ಕೋಣೆಯಲ್ಲಿ ಬೇರೆ ಮೇಜಿಗೆ ಜಾಗವೇ ಇರಲಿಲ್ಲ. ಬಟ್ಟೆ ಇಡಲು ತಿರುಗದ ಮನುಷ್ಯ ಯಾರಿದ್ದಾನೆ? "ಹೋಗಲಿ ಬಿಡಿ ಸಾರ್," ಎಂದೆ. ಹಾಗೆ ಅಂದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಇನ್ನೊಂದು ಅನುಮಾನ ನನ್ನನ್ನು ಕೊರೆಯತೊಡಗಿತು. ಅಪ್ಪನಿಗೆ ನಿಜವಾಗಿ ಗೊತ್ತಾಗಲಿಲ್ಲವೇ, ಇಲ್ಲ ಅವ್ವನ ಮಾತು ಕೇಳಿ ಕೆಮ್ಮು ತಡೆದುಕೊಂಡನೇ? ಹಾಗೆಲ್ಲ ತಡೆಯಲು ಆಗುವುದಿಲ್ಲ, ಅದು ತಾನಾಗಿ ಬರುವಂಥದ್ದು ಎಂದರು ಡಾಕ್ಟರ್. ಅವರಿಗೆ ನಮ್ಮಪ್ಪ ಗೊತ್ತಿಲ್ಲ. ಹಠ ಹಿಡಿದು ಜ್ವರದಲ್ಲೂ ಬಸ್ಸು ಓಡಿಸಿದವನು. ಅವನನ್ನು ಕೇಳೋಣವೆಂದರೆ ಪಕ್ಕದಲ್ಲೇ ಅವ್ವ ಕೂತಿರುತ್ತಿದ್ದಳು. ಕೇಳಿದರೆ ಅವಳ ಗತಿ ಏನು? ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಜ್ವರ ಬಂತು, ಹೋಯಿತು, ಮತ್ತೆ ಬಂತು. ಎದೆ ಗೊರಗೊರ ಎನ್ನುತ್ತಿತ್ತು. ಆಗಾಗ ಎಕ್ಸ್‌ರೇ ತೆಗೆಯುತ್ತಿದ್ದರು. ನಂಜು ಕಡಿಮೆಯಾಗಿದೆ ಎನ್ನುತ್ತಿದ್ದರು, ಬಿಳಿ ಇದ್ದಲ್ಲೇ ಇರುತ್ತಿತ್ತು. ಕೊನೆಗೆ ಮನೆಗೆ ಕಳಿಸಿದರು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೊಟ್ಟೆಯ ಪೈಪಿಗೆ ಕರೆದುಕೊಂಡು ಬನ್ನಿ ಎಂದರು.

ಅಪ್ಪನಿಗೆ ಇದ್ಯಾವುದನ್ನೂ ನಾವು ಹೇಳಿರಲಿಲ್ಲ. ನಮ್ಮ ಕಡೆ ಕಾಯಿಲೆಯವರ ಮುಂದೆ ಕಾಯಿಲೆಯ ಮಾತು ಆಡುವುದಿಲ್ಲ. ಡಾಕ್ಟರರ ಬಾಯಿಗೂ ಮೊದಲೇ ಬೀಗ ಹಾಕಿಸಿಬಿಡುತ್ತೇವೆ. ಆಸ್ಪತ್ರೆಯಲ್ಲಿ ಅವ್ವ ಒಬ್ಬೊಬ್ಬ ನರ್ಸಿಗೂ ಕೈಮುಗಿದು, ಅವ್ರ್ಗೆ ಏನೂ ಏಳ್ಬ್ಯಾಡಿ ಕಣವ್ವ ಎಂದು ಬೇಡಿಕೊಂಡಿದ್ದಳು. ಅಪ್ಪನ ಲೆಕ್ಕದಲ್ಲಿ ಅವನು ಪಾಸಾಗಿದ್ದ. ನಡುವೆ ಯಾವುದೋ ಹಾಳು ಜ್ವರ ಬಂದದ್ದರಿಂದ ಪೈಪು ತೆಗೆಯುವುದು ತಡವಾಗಿತ್ತು, ಅಷ್ಟೆ.

ಜಗಲಿಯ ಮೇಲೆ ಕೂತು ಹೋಗುವವರು ಬರುವವರಿಗೆಲ್ಲ ಹೇಳುತ್ತಿದ್ದ. "ಒಂದ್ ಬಟ್ಲು ಔಸ್ದಿ ಎತ್ತಿ ಕುಡ್ದ್ಬುಟ್ಟೆ ಕಣ್ಲಾ. ಒಂದ್ ಅನಿ ಚೆಲ್ಲಲಿಲ್ಲ, ಒಂದ್ ದಪ ಕೆಮ್ಮಲಿಲ್ಲ. ಡಾಕ್ಟ್ರಮ್ಮನೇ ಬೆಚ್ಚಿಬಿದ್ಲು!"

ಎದುರು ಮನೆಯ ಶಿವಯ್ಯ ಅವನ ಬೆನ್ನು ತಟ್ಟುತ್ತಿದ್ದರು. "ಚಲುವಣ್ಣ ಅಂದ್ರೆ ಸುಮ್ನೆನಾ!" ಎನ್ನುತ್ತಿದ್ದರು. ಒಳಗೆ ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ.

ಉಣ್ಣುವುದರ ಬಗ್ಗೆಯೇ ಅವನ ಮಾತೆಲ್ಲ. ಮೊದಲ ದಿನ ಮೆತ್ತಗಿನ ಮುದ್ದೆ, ಹುರುಳಿ ಉಪ್ಸಾರು. ಎರಡನೆಯ ದಿನ ಅವರೆಕಾಳು. ಬಾಡೂಟ ಈಗಲೇ ಬೇಡ, ಪಿತೃಪಕ್ಷದ ಹೊತ್ತಿಗೆ ನೋಡೋಣ ಎಂದು ತಾನೇ ರಿಯಾಯಿತಿ ಕೊಟ್ಟುಕೊಂಡ. ಅವ್ವ ಹೂಂ ಹೂಂ ಎಂದು ಸಿರಿಂಜು ತೊಳೆಯುತ್ತಿದ್ದಳು.

ಹೊಟ್ಟೆಯ ಪೈಪಿನ ದಿನ ಹತ್ತಿರ ಬಂತು. ಹಿತ್ತಲಲ್ಲಿ ಅವ್ವನನ್ನು ಹಿಡಿದು ನಿಲ್ಲಿಸಿದೆ.

"ಇವತ್ತು ಹೇಳಿಬಿಡೋಣ ಅವ್ವ."

"ಏಳ್ಬ್ಯಾಡ ಕಣೆ. ನಿನ್ ಕಾಲಿಗೆ ಬೀಳ್ತೀನಿ. ಅಷ್ಟೊಂದು ಆಸೆ ಇಟ್ಕಂಡವ್ರೆ."

"ಹೊಟ್ಟೆ ತೂತು ಮಾಡಿದ ಮೇಲೆ ಏನಂತ ಹೇಳ್ತೀಯ? ಅದನ್ನೂ ಪಾಸಾಗಿದ್ದಕ್ಕೆ ಮಾಡಿದ್ರು ಅಂತೀಯ?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. "ನಾನೇ ಕಣೆ ಕೆಮ್ಮಬ್ಯಾಡಿ ಅಂದೋಳು. ನನ್ ಬಾಯಿಗೆ ಮಣ್ಣಾಕ," ಎಂದಳು. ಅವಳೂ ಅದನ್ನೇ ಯೋಚಿಸುತ್ತಿದ್ದಳು ಎಂದು ಆಗ ಗೊತ್ತಾಯಿತು. ಹಾಗಲ್ಲ ಅವ್ವ, ಗಂಟಲಿಗೆ ಗೊತ್ತೇ ಆಗಿಲ್ಲವಂತೆ ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಸಂಜೆ ಶಾಲೆಯಿಂದ ಬಂದವಳೇ ಎಕ್ಸ್‌ರೇ ಹಾಳೆ ತೆಗೆದುಕೊಂಡು ಅಪ್ಪನ ಮಂಚದ ಹತ್ತಿರ ಹೋದೆ. ಕಿಟಕಿಯ ಬೆಳಕಿಗೆ ಹಿಡಿದೆ.

"ಅಪ್ಪ, ಇದು ನಿನ್ನ ಎದೆ. ಇಲ್ಲಿ ಬೆಳ್ಳಗೆ ಕಾಣುತ್ತಲ್ಲ, ಇದು ಅವತ್ತು ನೀನು ಕುಡಿದ ಔಷಧಿ."

ಅಪ್ಪ ಬಹಳ ಹೊತ್ತು ನೋಡಿದ. "ಒಟ್ಟೆ ಎಲ್ಲಿ?" ಎಂದು ಕೇಳಿದ.

"ಹೊಟ್ಟೆ ಇದರಿಂದ ಕೆಳಗೆ. ಹೊಟ್ಟೆಗೆ ಹೋಗಲಿಲ್ಲ ಅಪ್ಪ. ಶ್ವಾಸಕೋಶಕ್ಕೆ ಹೋಯಿತು. ನೀನು ಏನು ನುಂಗಿದರೂ ಹಾಗೇ ಹೋಗುತ್ತಂತೆ. ಇನ್ನು ಬಾಯಿಂದ ಏನೂ ಕೊಡಬಾರದು ಅಂದಿದ್ದಾರೆ."

"ಅಂಗೆ ಓಗಿದ್ರೆ ಕೆಮ್ಮು ಬತ್ತಿರಲಿಲ್ವಾ?"

"ಬರಬೇಕಿತ್ತು. ಬರಲಿಲ್ಲ."

"ಸಲೀಸಾಗಿ ಇಳೀತು ಕಣ್ ಮಗಾ," ಎಂದ ಮತ್ತೆ. ಆದರೆ ಈ ಸಾರಿ ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿತ್ತು. ಎಡಗೈಯಿಂದ ಗಂಟಲು ಮುಟ್ಟಿಕೊಂಡ, ಎದೆ ಮುಟ್ಟಿಕೊಂಡ. ಎಪ್ಪತ್ತು ವರ್ಷ ಜೊತೆಗಿದ್ದ ತನ್ನ ಗಂಟಲನ್ನು ನಂಬುವುದೋ, ಮಗಳು ಹಿಡಿದ ಈ ಹಾಳೆಯನ್ನು ನಂಬುವುದೋ ಅವನಿಗೆ ತಿಳಿಯಲಿಲ್ಲ. ಸತ್ಯ ಹೇಳಿದರೆ ಸಮಾಧಾನವಾಗುತ್ತದೆ ಎಂದು ಯಾರಾದರೂ ಇನ್ನು ಮುಂದೆ ನನಗೆ ಹೇಳಲಿ, ನೋಡುತ್ತೇನೆ.

"ಅದು ಈಗ್ಲೂ ಅಲ್ಲೇ ಅದಾ?"

"ಇದೆ."

"ತಗಿಯಕ್ಕೆ ಆಗಕ್ಕಿಲ್ವಾ?"

"ಕೆಮ್ಮಿದರೆ ಬರುವಷ್ಟು ಬರುತ್ತಂತೆ, ಅಷ್ಟೇ," ಎಂದುಬಿಟ್ಟೆ. ಅದು ಮೊದಲ ದಿನದ ಮಾತು. ಈಗ ಬರುವುದೆಲ್ಲ ಬಂದು ಮುಗಿದಿದೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅಪ್ಪ ಕಾಲು ಕೆಳಗಿಟ್ಟು ಎದ್ದು ಕೂತಿದ್ದ.

"ಲೇ, ಆ ಬೋಸಿ ತತ್ತಾ," ಎಂದು ಅವ್ವನಿಗೆ ಕೂಗಿದ.

ಅವ್ವ ಅಗಲ ಬಾಯಿಯ ಆ ಪಾತ್ರೆ ತಂದು ಹಿಡಿದಳು. ಅಪ್ಪ ಮುಂದಕ್ಕೆ ಬಾಗಿ ಕೆಮ್ಮಿದ. ತಾನಾಗಿ ಬಂದ ಕೆಮ್ಮಲ್ಲ, ಕಷ್ಟಪಟ್ಟು ತಂದುಕೊಂಡದ್ದು. ಕುತ್ತಿಗೆಯ ನರ ಉಬ್ಬಿದವು, ಮೂಗಿನ ಪೈಪು ಅಲುಗಾಡಿತು. ಮತ್ತೆ ಕೆಮ್ಮಿದ. ಮತ್ತೆ. "ಸಾಕು ಅಪ್ಪ, ಸುಸ್ತಾಗುತ್ತೆ," ಎಂದು ನಾನು ಹೆಗಲು ಹಿಡಿದರೆ ಕೈ ಕೊಡವಿದ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಆಮೇಲೆ ಏದುಸಿರು ಬಿಡುತ್ತಾ ತಲೆಯೆತ್ತಿ ಅವ್ವನನ್ನು ನೋಡಿದ.

"ಬಂತಾ?"

ಬೋಸಿಯಲ್ಲಿ ಎಂಜಲು ಬಿಟ್ಟರೆ ಏನೂ ಇರಲಿಲ್ಲ. ಅಪ್ಪನಿಗೆ ಕಾಣದಂತೆ ಅವ್ವ ಅದನ್ನು ತನ್ನ ಎದೆಯ ಕಡೆಗೆ ವಾಲಿಸಿಕೊಂಡಳು. ನನ್ನ ಮುಖ ನೋಡಿದಳು. ಅಪ್ಪನೂ ನನ್ನ ಕಡೆ ತಿರುಗಿದ.

"ಬಂತಾ ಮಗಾ? ನೀನೇಳು, ನೀನು ಸುಳ್ಳೇಳಕ್ಕಿಲ್ಲ."

"ಬಂತು ಅಪ್ಪ," ಎಂದೆ. "ಸ್ವಲ್ಪ ಬಂತು."

"ಬೆ‌ಳ್ಳಗದಾ?"

"ಬೆಳ್ಳಗಿದೆ."

"ಅಂಗಾದ್ರೆ ಇನ್ನೂ ಬತ್ತದೆ ಬುಡು," ಎಂದು ಅಪ್ಪ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಬಗ್ಗಿದ.